ಹನ್ನೊಂದು ನಿಮಿಷದ ಅಪ್ಪ

ತಾಳವಾಡಿ ಸೊಸೈಟಿಯ ಹಿಂದಿನ ಕೋಣೆ.
ಗೋಣಿಚೀಲ, ಇಲಿಬೋನು, ಒಂದು ಕಂಪ್ಯೂಟರು, ನಾನು.
ಮೇಲಿಂದ ಬರುವ ಪಟ್ಟಿ ತಮಿಳಿನಲ್ಲಿ,
ನಾವು ಹರಿದುಕೊಡುವ ರಸೀದಿ ಕನ್ನಡದಲ್ಲಿ.
ತಮಿಳಿನ ಒಂಟಿ ಪಕಾರ
ಪ, ಬ, ಭ ಮೂವರನ್ನೂ ಹೊರಬೇಕು;
ಪಾಪ, ಅದರ ತಪ್ಪಲ್ಲ.
ಹಾಗಾಗಿ ಬೆಟ್ಟಯ್ಯ ಪೆಟ್ಟಯ್ಯ,
ಗಿಡ್ಡಮ್ಮ ಕಿಟ್ಟಮ್ಮ, ಜಡೆಯ ಸಡೈಯ.
ಇಗ್ಗಲೂರಿನ ಭೋಗಯ್ಯ ಪೋಗಯ್ಯನಾಗಿ
ಅಕ್ಕಿಗೆ ಬಂದಾಗಲೆಲ್ಲ
ಹೆಸರು ಕೂಗಿದರೆ ಹೋಗೆಂದ ಹಾಗೆ.
ಅವನು ನಗುತ್ತಾನೆ. ಚೀಲ ಮಾತ್ರ ಮುಂದೆ ಚಾಚುತ್ತಾನೆ.

ಸರಿಯಾದ ಹೆಸರು ಎಲ್ಲಿದೆಯೆಂದು ಗೊತ್ತಿತ್ತು:
ಕನ್ನಡ ಶಾಲೆಯ ದಾಖಲಾತಿ ಪುಸ್ತಕದಲ್ಲಿ,
ಯಾವ ಕಾಲದ ಹೆಡ್‌ಮಾಸ್ಟರೋ ನಿಬ್ಬಿನ ಪೆನ್ನಲ್ಲಿ
ಕೊಂಬು, ದೀರ್ಘ, ಒತ್ತು ಒಂದೂ ಬಿಡದೆ ಬರೆದದ್ದು.
ಮೂರು ಬೇಸಿಗೆ ಕೂತು ಅದನ್ನು ಟೈಪಿಸಿದೆ,
ಹೆಸರಿನ ಮಗ್ಗುಲಿಗೆ ಕಾರ್ಡಿನ ಸಂಖ್ಯೆ ಕೂರಿಸಿದೆ.
ಈಗ ಇಷ್ಟೇ:
ಆ ಕೋಷ್ಟಕ ನೋಡು, ಈ ಕೋಷ್ಟಕ ತಿದ್ದು.

ಪರದೆ ಒಪ್ಪುವುದಿಲ್ಲ.
ಯಾವ ಸಾಲು? ಕೀಲಿ ಹೇಳು.
ಕೀಲಿ ಹೇಳದೆ ಒಂದನ್ನೂ ಮುಟ್ಟಗೊಡೆ.
ಕತ್ತಲಾದ ಮೇಲಿನ ಬಣ್ಣಾರಿ ಗೇಟಿನ ಗಾರ್ಡಿನಂತೆ:
ದಿಂಬಂ ಘಾಟಿಯಲ್ಲಿ ಆನೆ ಇದೆ,
ನಿನ್ನ ಅವಸರ ನನಗೆ ಹೇಳಬೇಡ.

ಆ ಬೀಗ ಹಾಕಿಸಿದವಳು ನಾನೇ.
ಹೇಳಿಕೊಳ್ಳುವ ಕತೆಯಲ್ಲ.
ಕೆಲಸಕ್ಕೆ ಸೇರಿದ ವರ್ಷ, ಆಷಾಢದ ಒಂದು ಮಧ್ಯಾಹ್ನ,
ಒಬ್ಬ ಹುಡುಗನ ತಂದೆಯ ಹೆಸರು ತಿದ್ದಲು ಹೋಗಿ
ಯಾರದ್ದು ಎನ್ನುವ ಒಂದು ಮಾತು ಬಿಟ್ಟು
ಗುಂಡಿ ಒತ್ತಿದೆ.
ಮೂರು ಸಾವಿರದ ನೂರ ಹದಿನೆಂಟು ಕಾರ್ಡಿಗೂ
ಒಬ್ಬನೇ ಅಪ್ಪ: ಚಿಕ್ಕಮಾರ.
ಸಂತೆಬೀದಿ ಗುಡಿಸುವ ಚಿಕ್ಕಮಾರ.
ಚೆಂಡುಹೂವಿನ ತೋಟದ ಸಾಹುಕಾರರಿಗೆ,
ಗುಡಿಯ ಅಯ್ಯನೋರಿಗೆ, ಸೂಸೈಪುರದ ಅರುಳಪ್ಪನಿಗೆ,
ತೊಂಬತ್ತು ದಾಟಿದ ಮುದುಕರಿಗೆ,
ಅವನ ಸ್ವಂತ ಅಪ್ಪನಿಗೆ ಕೂಡ.

ಹಳೆಯ ಪ್ರತಿ ಹುಡುಕಿ ತಂದು ಸುರಿಯುವಷ್ಟರಲ್ಲಿ
ಹನ್ನೊಂದು ನಿಮಿಷ.
ಹೊರಗೆ ಅವರೆಲ್ಲ ಎಂದಿನಂತೆ
ಬೇರೆ ಬೇರೆ ಲೋಟದಲ್ಲಿ ಟೀ ಕುಡಿಯುತ್ತಿದ್ದರು,
ಒಡಹುಟ್ಟಿದವರೆಂದು ತಿಳಿಯದೆ.
ಯಾರಿಗೂ ಹೇಳಲಿಲ್ಲ ನಾನು.
ಚಿಕ್ಕಮಾರನಿಗಾದರೂ ಹೇಳಬೇಕಿತ್ತೇನೋ.

ಈಗ ಬೀಗ ತೆಗೆಯುವುದಿಲ್ಲ.
ಸಂಖ್ಯೆಗೆ ಸಂಖ್ಯೆ ಹೊಂದಿಸುತ್ತೇನೆ,
ಮೇಲೆ ಇನ್ನೊಂದು ಮಾತು ಸೇರಿಸುತ್ತೇನೆ:
ಅಲ್ಲಿ ಇದ್ದರೆ ಮಾತ್ರ ಇಲ್ಲಿ ತಿದ್ದು.
ಈ ಮಾತಿಲ್ಲದೆ ಒಮ್ಮೆ ನಕಲಿನ ಮೇಲೆ ಓಡಿಸಿ ನೋಡಿದ್ದೆ.
ಶಾಲೆಯ ಮೆಟ್ಟಿಲು ಹತ್ತದವರ ಜಾಗವೆಲ್ಲ ಖಾಲಿ;
ತಪ್ಪು ಹೆಸರೂ ಇಲ್ಲ.
ಸಡೈಯನಾಗಿಯೇ ಇರಲಿ ಜಡೆಯ,
ಏನೂ ಆಗದೆ ಇರುವುದಕ್ಕಿಂತ.

ಗೇಟು ತೆರೆಯಿತು. ಭೋಗಯ್ಯ ಭೋಗಯ್ಯನಾದ.
ಉಳಿದದ್ದು ನಲವತ್ತಾರು ಸಾಲು.
ರೇಷನ್ ದಿನ ಕೌಂಟರಿನಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿದೆ.
ಕೊನೆಗೆ ಬಂದವಳು ತಲಮಲೆ ಕಡೆಯ ಮುದುಕಿ.
"ಹೆಸ್ರು?"
"ಬೊಮ್ಮಿ ಕವ್ವ."
"ಇಲ್ಲಿ ಪೊಮ್ಮಿ ಅಂತ ಅದೆ."
"ಅವಳ್ಯಾರು?"

ಸೆರಗಿನ ಗಂಟಿನೊಳಗೆ ಬೆವೆತು ಸವೆದ ಕಾರ್ಡು.
ಕೊನೆಯ ಅಂಕಿ ಮೂರೋ, ಎಂಟೋ.
ಬೀಗಕ್ಕೆ ಊಹೆ ನಡೆಯದು. ಈಗೀಗ ನನಗೂ.
ಅಟ್ಟದಿಂದ ಸೀಮೆಎಣ್ಣೆಯ ಹಳೆ ಲೆಡ್ಜರು ಇಳಿಸಿದೆ,
ಸೀನಿದೆ, ಪುಟ ತಿರುವಿದೆ.
ಅವಳ ಹೆಬ್ಬೆಟ್ಟಿನ ಪಕ್ಕದಲ್ಲಿ, ನೀಲಿ ಶಾಯಿಯಲ್ಲಿ,
ಎಂಟು.

ಒತ್ತಿದೆ.
ಒಂದು ಸಾಲು ಬದಲಾಗಿದೆ, ಎಂದಿತು ಪರದೆ.
ತೋರಿಸೋಣವೆಂದು ತಲೆಯೆತ್ತಿದರೆ ಬೊಮ್ಮಿ ಅಲ್ಲಿಲ್ಲ,
ಆಗಲೇ ಸಕ್ಕರೆಯ ಸಾಲಿನಲ್ಲಿ
ಚಿಕ್ಕಮಾರನ ಹಿಂದೆ ನಿಂತಿದ್ದಾಳೆ
ಚೀಲದ ಬಾಯಿ ಬಿಚ್ಚಿಕೊಂಡು.